ಸೌರ ಫಲಕಕ್ಕೆ ಮುನ್ನ ಮೋಟಾರಿನ ಲೆಕ್ಕ: ಸಿಂಗಪುರದ ಕ್ರಮ

ಸಿಂಗಪುರ ದ್ವೀಪನಗರದ ವಿಸ್ತೀರ್ಣ ಸುಮಾರು 735 ಚದರ ಕಿಲೋಮೀಟರ್. ಅಲ್ಲಿ ಜಲವಿದ್ಯುತ್ತಿಗೆ ತಕ್ಕ ನದಿಯಿಲ್ಲ. ಗಾಳಿಯಂತ್ರಗಳಿಗೆ ಸಾಲುವಷ್ಟು ಗಾಳಿಯೂ ಇಲ್ಲ. ಅಲ್ಲಿನ ವಿದ್ಯುತ್ತಿನ ಸುಮಾರು ಶೇ. 95 ಭಾಗ ಆಮದು ಮಾಡಿಕೊಂಡ ನೈಸರ್ಗಿಕ ಅನಿಲದಿಂದ ಉತ್ಪಾದನೆಯಾಗುತ್ತದೆ. ಬಿಸಿಲಿದ್ದರೂ ಫಲಕ ಹಾಸಲು ನೆಲವಿಲ್ಲದ ಕಾರಣ 2021ರಲ್ಲಿ ಟೆಂಗೆ ಜಲಾಶಯದ ನೀರಿನ ಮೇಲೆಯೇ 60 ಮೆಗಾವಾಟ್ ಸಾಮರ್ಥ್ಯದ ತೇಲುವ ಸ್ಥಾವರವನ್ನು ಸ್ಥಾಪಿಸಲಾಯಿತು. ಇಂತಹ ನಗರವು ಉತ್ಪಾದನೆಯಷ್ಟೇ ಮಿತವ್ಯಯಕ್ಕೂ ಒತ್ತು ಕೊಟ್ಟಿರುವುದು ಸಹಜ. ಅದಕ್ಕಾಗಿ ಅನುಸರಿಸಿದ ಕ್ರಮಗಳು ನಮ್ಮ ಉದ್ದಿಮೆದಾರರು ಗಮನಿಸತಕ್ಕಂಥವು.

ಮೊದಲನೆಯದು ಇಂಗಾಲ ತೆರಿಗೆ. ವರ್ಷಕ್ಕೆ 25,000 ಟನ್ ಅಥವಾ ಅದಕ್ಕೂ ಮಿಗಿಲಾಗಿ ಹಸಿರುಮನೆ ಅನಿಲ ಹೊರಸೂಸುವ ಸ್ಥಾವರಗಳ ಮೇಲೆ 2019ರಲ್ಲಿ ಟನ್ನಿಗೆ 5 ಸಿಂಗಪುರ ಡಾಲರಿನಂತೆ ಇದನ್ನು ವಿಧಿಸಲಾಯಿತು. 2024ರಿಂದ 25 ಡಾಲರ್, 2026ರಿಂದ 45 ಡಾಲರ್ ಎಂಬುದನ್ನು 2022ರಲ್ಲಿಯೇ ಪ್ರಕಟಿಸಲಾಗಿತ್ತು. ಸಣ್ಣ ಕಾರ್ಖಾನೆಗೆ ಈ ತೆರಿಗೆಯ ನೋಟೀಸು ಬರುವುದಿಲ್ಲ. ಆದರೆ ವಿದ್ಯುತ್ ಸ್ಥಾವರ ಕಟ್ಟಿದ ತೆರಿಗೆ ಮಾಸಿಕ ಬಿಲ್ಲಿನೊಳಗೆ ಸೇರಿ ಅದರ ಬಾಗಿಲಿಗೂ ಬರುತ್ತದೆ. ದರ ಏರುವುದು ಯಾರಿಗೂ ಪ್ರಿಯವಲ್ಲ. ಆದರೂ ಎರಡು ವರ್ಷ ಮೊದಲೇ ತಿಳಿದ ಏರಿಕೆಯನ್ನು ಆಯವ್ಯಯದಲ್ಲಿ ಸೇರಿಸಿಕೊಳ್ಳಬಹುದು; ಹಠಾತ್ತನೆ ಬಂದದ್ದನ್ನು ಲಾಭದಿಂದಲೇ ತೆರಬೇಕು.

ಎರಡನೆಯದು ಮೋಟಾರುಗಳ ವಿಷಯ. 2018ರ ಅಕ್ಟೋಬರಿನಿಂದ ಅಲ್ಲಿ ಮಾರಾಟವಾಗುವ ತ್ರೀ ಫೇಸ್ ಮೋಟಾರುಗಳಿಗೆ ಐಇ3 ದಕ್ಷತಾ ಮಟ್ಟ ಕಡ್ಡಾಯ. ಇದರ ಮರ್ಮ ತಿಳಿಯಲು ಒಂದು ಉದಾಹರಣೆ ಸಾಕು. ಶೇ. 90 ದಕ್ಷತೆಯ 15 ಕಿಲೋವಾಟ್ ಮೋಟಾರು ಪೂರ್ಣ ಹೊರೆಯಲ್ಲಿ ವರ್ಷಕ್ಕೆ 6,000 ಗಂಟೆ ನಡೆದರೆ 1,00,000 ಯೂನಿಟ್ ಬಳಸುತ್ತದೆ. ಯೂನಿಟ್ಟಿಗೆ ₹8 ಎಂದು ಭಾವಿಸಿದರೆ ಖರ್ಚು ₹8 ಲಕ್ಷ. ಮೋಟಾರಿನ ಕ್ರಯ ಇದರ ಮುಂದೆ ಅಲ್ಪ. ದಕ್ಷತೆ ಶೇ. 92 ಆದರೆ ಸುಮಾರು 2,170 ಯೂನಿಟ್, ಅಂದರೆ ₹17,000ಕ್ಕೂ ಹೆಚ್ಚು ಹಣ, ಪ್ರತಿ ವರ್ಷ ಉಳಿಯುತ್ತದೆ. ಆದಾಗ್ಯೂ ನಮ್ಮಲ್ಲಿ ಅನೇಕರು ಖರೀದಿಯ ಕೊಟೇಶನ್ನುಗಳನ್ನು ಮಾತ್ರ ಹೋಲಿಸುತ್ತಾರೆ. ಸುಟ್ಟ ಮೋಟಾರನ್ನು ಮೂರನೆಯ ಬಾರಿ ರಿವೈಂಡಿಂಗಿಗೆ ಕಳುಹಿಸಿ ಉಳಿತಾಯವಾಯಿತೆಂದು ಸಮಾಧಾನ ಪಡುತ್ತಾರೆ.

ಮೂರನೆಯದು ಮೇಲ್ಛಾವಣಿ. 2014ರಲ್ಲಿ ಆರಂಭವಾದ ಸೋಲಾರ್‌ನೋವಾ ಯೋಜನೆಯಲ್ಲಿ ಸರ್ಕಾರಿ ವಸತಿ ಕಟ್ಟಡಗಳು ಹಾಗೂ ಇಲಾಖೆಗಳ ಬೇಡಿಕೆಯನ್ನು ಒಟ್ಟುಗೂಡಿಸಿ ಒಂದೇ ಟೆಂಡರ್ ಕರೆಯಲಾಗುತ್ತದೆ. ಬಂಡವಾಳ ಹೂಡಿ ಫಲಕಗಳನ್ನು ಅಳವಡಿಸಿ ನಿರ್ವಹಿಸುವುದು ಖಾಸಗಿ ಕಂಪನಿಯ ಹೊಣೆ. ಬಳಕೆದಾರರು ವಿದ್ಯುತ್ತಿಗೆ ಮಾತ್ರ ಹಣ ತೆರುತ್ತಾರೆ. ಒಂಟಿ ಛಾವಣಿಗೆ ಸಿಗದ ದರ ನೂರು ಛಾವಣಿಗಳಿಗೆ ಸಿಗಬಹುದು. ಕೈಗಾರಿಕಾ ವಸಾಹತುಗಳ ಸಂಘಗಳು ಈ ಮಾರ್ಗವನ್ನು ಪರಿಶೀಲಿಸಬಹುದು. ಆದರೆ ಸಹಿ ಹಾಕುವ ಮುನ್ನ ಕೆಲವು ಅಂಶ ನೋಡಬೇಕು. ಈ ಏರ್ಪಾಡಿನಲ್ಲಿ ಫಲಕಗಳ ಮಾಲೀಕತ್ವ ಕಂಪನಿಯದಾದ್ದರಿಂದ ಆದಾಯ ತೆರಿಗೆಯ ಸವಕಳಿಯ ಲಾಭವೂ ಅದಕ್ಕೇ ಸಲ್ಲುತ್ತದೆ. ಶೆಡ್ಡು ಬಾಡಿಗೆಯದಾದರೆ ಒಪ್ಪಂದದ ಅವಧಿ ಬಾಡಿಗೆ ಕರಾರಿನ ಅವಧಿಯನ್ನು ಮೀರಬಾರದು. ಶೆಡ್ಡನ್ನು ಮಾರುವ ಸಂದರ್ಭ ಬಂದರೆ ಒಪ್ಪಂದವು ಕೊಳ್ಳುವವರಿಗೆ ವರ್ಗವಾಗುವುದೇ ಎಂಬುದನ್ನೂ ಮೊದಲೇ ಬರೆಯಿಸಿಕೊಳ್ಳತಕ್ಕದ್ದು.