ಕಾಳಗದಲ್ಲಿ ಸಂಯಮದ ಗಣಿತ

ಸ್ಕಾಟ್ಲೆಂಡಿನ ರಮ್ ದ್ವೀಪದಲ್ಲಿ ಶರತ್ಕಾಲ ಬಂದಿತೆಂದರೆ ಕೆಂಪು ಜಿಂಕೆಯ ಗಂಡುಗಳು ಹೆಣ್ಣುಗಳ ಹಿಂಡಿಗಾಗಿ ಸೆಣಸತೊಡಗುವುವು. ಆದರೆ ಎದುರಾಳಿಯ ಪಕ್ಕೆಯನ್ನು ಸೀಳಬಲ್ಲ ಕವಲುಗೊಂಬುಗಳಿದ್ದರೂ, ಅವು ಮೊದಲು ಕೊರಳೆತ್ತಿ ಘರ್ಜಿಸಿ, ಅನಂತರ ಒಂದರ ಮಗ್ಗುಲಲ್ಲೊಂದು ಗಂಭೀರವಾಗಿ ನಡೆದು, ಹೀಗೆ ಪರಸ್ಪರರ ಬಲವನ್ನು ಅಳೆದುಕೊಂಡ ಮೇಲೆ ಅನೇಕ ವೇಳೆ ಒಂದು ಹಿಂದೆ ಸರಿದುಬಿಡುವುದು. ಈ ಸಂಯಮವು ಕುಲದ ಹಿತಕ್ಕಾಗಿ ಏರ್ಪಟ್ಟುದೆಂದು ಹೇಳಿ ಅನೇಕ ಜೀವಶಾಸ್ತ್ರಜ್ಞರು ಬಹುಕಾಲ ತೃಪ್ತರಾಗಿದ್ದರು. ಕುಲಹಿತವನ್ನು ಲೆಕ್ಕಿಸದೆ ಇರಿಯುವ ಪ್ರಾಣಿಯೊಂದು ಹುಟ್ಟಿ, ಗೆದ್ದು, ತನ್ನಂಥ ಮರಿಗಳನ್ನೇ ಹೆಚ್ಚಿಸುತ್ತ ಹೋದರೆ ಆ ಸಂಯಮದ ಗತಿಯೇನೆಂಬ ಪ್ರಶ್ನೆಗೆ ಮಾತ್ರ ಅವರಲ್ಲಿ ಸಮಾಧಾನವಿರಲಿಲ್ಲ.

ವಿಮಾನ ನಿರ್ಮಾಣದ ಎಂಜಿನಿಯರಾಗಿದ್ದು ತಳಿವಿಜ್ಞಾನಿ ಹಾಲ್ಡೇನರ ಶಿಷ್ಯತ್ವದಿಂದ ಜೀವಶಾಸ್ತ್ರಕ್ಕೆ ಬಂದ ಜಾನ್ ಮೇನಾರ್ಡ್ ಸ್ಮಿತ್, ಅಮೆರಿಕದಿಂದ ಲಂಡನ್ನಿಗೆ ಬಂದು ನೆಲಸಿದ್ದ ಜಾರ್ಜ್ ಪ್ರೈಸ್, ಇವರಿಬ್ಬರೂ 1973ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದಕ್ಕೆ ಗಣಿತದ ಉತ್ತರವಿತ್ತರು. ಸಮುದಾಯದ ಬಹುಪಾಲು ಒಂದು ತಂತ್ರವನ್ನು ಅನುಸರಿಸುತ್ತಿರುವಾಗ ಬೇರಾವ ತಂತ್ರವೂ ಒಳಹೊಕ್ಕು ಬೆಳೆಯಲಾರದೆ ಹೋದರೆ, ಅದೇ ವಿಕಾಸದಲ್ಲಿ ಸ್ಥಿರವಾದ ತಂತ್ರ. ತಾನೊಬ್ಬನೇ ನಡೆ ಬದಲಿಸಿ ಯಾವ ಆಟಗಾರನೂ ಹೆಚ್ಚಿನ ಲಾಭ ಪಡೆಯಲಾರದ ಸ್ಥಿತಿಯೆಂದು ಗಣಿತಜ್ಞ ಜಾನ್ ನ್ಯಾಷ್ 1950ರಲ್ಲಿ ಆಟಗಳ ಸಿದ್ಧಾಂತದಲ್ಲಿ ನಿರೂಪಿಸಿದ ಸಮತೋಲಕ್ಕೆ ಇದು ನಿಕಟ ಬಂಧು. ಆದರೆ ಇಲ್ಲಿ ಆಲೋಚಿಸುವ ಆಟಗಾರನೇ ಬೇಕಾಗಿಲ್ಲವೆಂಬುದು, ಸಂತಾನದ ಏರಿಳಿತವೇ ವಿವೇಚನೆಯ ಕಾರ್ಯವನ್ನು ನಿರ್ವಹಿಸುವುದೆಂಬುದು ನನಗೆ ಅತ್ಯಂತ ವಿಸ್ಮಯಕರವಾಗಿ ತೋರುತ್ತದೆ.

ಮೇನಾರ್ಡ್ ಸ್ಮಿತ್ ಮುಂದೆ ಬಳಸಿದ ಸರಳ ಮಾದರಿಯಲ್ಲಿ ಗಾಯವಾಗುವ ತನಕ ಕಾದುವುದು 'ಗಿಡುಗ'; ಎದುರಾಳಿ ಮೇಲೆರಗಿದೊಡನೆ ಹಿಂಜರಿಯುವುದು 'ಪಾರಿವಾಳ'. ಗೆಲುವಿನ ಲಾಭ 40, ಗಾಯದ ನಷ್ಟ 100 ಎಂದಿಟ್ಟುಕೊಳ್ಳೋಣ. ಗಿಡುಗಕ್ಕೆ ಗಿಡುಗ ಎದುರಾದರೆ ಸೋಲುಗೆಲುವುಗಳ ಸಂಭವ ಸಮವಾದುದರಿಂದ ತಲೆಗೆ ಸರಾಸರಿ 30 ನಷ್ಟ. ಪಾರಿವಾಳದೆದುರು ಗಿಡುಗಕ್ಕೆ ಪೂರ್ತಿ 40, ಪಾರಿವಾಳಕ್ಕೆ ಸೊನ್ನೆ. ಪಾರಿವಾಳಗಳೆರಡೇ ಆದರೆ ತಲಾ 20. ಗಿಡುಗಗಳು ನೂರಕ್ಕೆ 40 ಆದಾಗ ಎರಡೂ ಬಗೆಗಳ ಸರಾಸರಿ ಪ್ರಾಪ್ತಿ 12ಕ್ಕೆ ಬಂದು ಸಮವಾಗುವುದು. ಗಿಡುಗಗಳು ಅದಕ್ಕಿಂತ ಹೆಚ್ಚಿದರೆ ತಮ್ಮತಮ್ಮಲ್ಲೇ ಕಾದಾಡಿ ಕ್ಷೀಣಿಸುವುವು. ಕಡಮೆಯಾದರೆ ಸುಲಭದ ಗೆಲುವುಗಳಿಂದ ಮತ್ತೆ ವೃದ್ಧಿ ಹೊಂದುವುವು.

ಜಿಂಕೆಗಳ ಬಲಪರೀಕ್ಷೆ ಈ ಮಾದರಿಗಿಂತ ಜಟಿಲವಾದುದು ನಿಜ. ಆದರೂ ಗಾಯದ ಬೆಲೆ ಗೆಲುವಿನ ಬೆಲೆಯನ್ನು ಮೀರಿದಲ್ಲಿ ಸಂಯಮಕ್ಕೆ ಸ್ವಾರ್ಥವೇ ಸಾಕಾದ ಕಾರಣವೆಂಬುದು ಇದರಿಂದ ಸ್ಪಷ್ಟವಾಯಿತು. ಹಾಗೆಂದು ಈ ಸಮತೋಲವನ್ನು ಸರ್ವೋತ್ತಮ ಸ್ಥಿತಿಯೆಂದು ಭಾವಿಸಲಾಗದು: ಎಲ್ಲವೂ ಪಾರಿವಾಳಗಳಾಗಿದ್ದರೆ ಪ್ರತಿಯೊಂದಕ್ಕೂ 12ರ ಬದಲು 20 ದೊರೆಯುತ್ತಿತ್ತು, ಆದರೆ ಅಂಥ ಸಮಾಜದಲ್ಲಿ ತಲೆದೋರಿದ ಒಂಟಿ ಗಿಡುಗಕ್ಕೆ ಪ್ರತಿ ಕಾಳಗದಲ್ಲಿಯೂ 40 ದಕ್ಕುವುದರಿಂದ, ಆ ಸ್ಥಿತಿ ಸ್ಥಿರವಾಗಿ ನಿಲ್ಲಲಾರದು.