ಕಬಡ್ಡಿಯ ಕೋಟಿಗಳಲ್ಲಿ ಶಾಲೆಯ ಅಂಗಳಕ್ಕೆ ಪಾಲೆಷ್ಟು?

ನಾರಾಯಣಪೇಟೆ, ಮಕ್ತಲ, ಗದ್ವಾಲ ಭಾಗದ ಕನ್ನಡ ಮನೆಗಳಲ್ಲಿ ಕಬಡ್ಡಿಯ ಅಭಿಮಾನವೆಂಬುದು ಎರಡು ಹೋಳಾದ ಅಭಿಮಾನ. ಮನೆಮಾತಿನ ಸೆಳೆತ ಬೆಂಗಳೂರು ಬುಲ್ಸ್ ತಂಡದ ಕಡೆಗೆ; ನೆಲದ ಋಣ ತೆಲುಗು ಟೈಟನ್ಸ್ ಕಡೆಗೆ. ಈ ಎರಡು ತಂಡಗಳು ಎದುರಾದ ರಾತ್ರಿ ಒಂದೇ ಜಗಲಿಯ ಮೇಲೆ ಅಣ್ಣ ಒಂದು ಪಕ್ಷ, ತಮ್ಮ ಇನ್ನೊಂದು ಪಕ್ಷ. 2019ರ ಜನವರಿ 5ರಂದು ಮುಂಬಯಿಯಲ್ಲಿ ನಡೆದ ಪ್ರೊ ಕಬಡ್ಡಿಯ ಅಂತಿಮ ಪಂದ್ಯದಲ್ಲಿ ಪವನ್ ಸೆಹ್ರಾವತ್ ಒಬ್ಬನೇ 22 ಅಂಕಗಳನ್ನು ತಂದು, ಗುಜರಾತ್ ತಂಡದ ವಿರುದ್ಧ 38-33ರಿಂದ ಬುಲ್ಸ್ ತಂಡವನ್ನು ಗೆಲ್ಲಿಸಿದಾಗ ಅಣ್ಣನದೇ ಮೇಲುಗೈ. 2023ರ ಹರಾಜಿನಲ್ಲಿ ಅದೇ ಪವನ್‌ನನ್ನು ತೆಲುಗು ಟೈಟನ್ಸ್ 2 ಕೋಟಿ 60 ಲಕ್ಷ 50 ಸಾವಿರ ರೂಪಾಯಿಗೆ ಕೊಂಡಾಗ ತಮ್ಮನ ಸರದಿ. ಆತನಾದರೋ ದೆಹಲಿಯವನು, ಕನ್ನಡವೂ ಅಲ್ಲ, ತೆಲುಗೂ ಅಲ್ಲ. ಅವನನ್ನು ಇಲ್ಲಿಂದ ಅಲ್ಲಿಗೆ ಕೊಂಡೊಯ್ದದ್ದು ಹರಾಜಿನ ಕೂಗು.

ಈ ಆಟವನ್ನು ಬಹುಕಾಲದಿಂದ ನೋಡುತ್ತ ಬಂದ ಅಭಿಮಾನಿಯಾಗಿ ನನಗೆ ಹರಾಜಿನ ಬಗ್ಗೆ ಕೋಪವಿಲ್ಲ. ಹಣ ಬಂದದ್ದು ಒಳ್ಳೆಯದೇ. ಆದರೆ ಆ ಹಣ ಎಲ್ಲಿಂದ ಹೊರಟು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮಕ್ಕಳನ್ನು ಶಾಲೆಗೆ ಕಳುಹಿಸುವ ತಂದೆತಾಯಿಗಳು ತಿಳಿದಿರಬೇಕು. ಏಕೆಂದರೆ ಈಗ ಏಳನೆಯ ತರಗತಿಯ ಹುಡುಗನೂ ‘ನಾನು ಪ್ರೊ ಕಬಡ್ಡಿಗೆ ಹೋಗುತ್ತೇನೆ’ ಎನ್ನುತ್ತಾನೆ. ಅವನಿಗೆ ಏನು ಉತ್ತರ ಹೇಳಬೇಕು?

ಮೊದಲು ಹಿಂದಿನ ಮಾತು. ಚೆಡುಗುಡು ಎಂದು ನೆರೆಯ ತೆಲುಗರೂ ಕಬಡ್ಡಿ ಎಂದು ನಾವೂ ಕರೆಯುತ್ತ ಬಂದ ಈ ಆಟಕ್ಕೆ ಬೇಕಾಗಿದ್ದುದು ಹದ ಮಾಡಿದ ನೆಲ, ಸುಣ್ಣದ ಗೆರೆ, ಏಳೇಳು ಜನ. ಜಾತ್ರೆಯ ಪಂದ್ಯದಲ್ಲಿ ಗೆದ್ದರೆ ಒಂದು ಢಾಲು, ಸ್ವಲ್ಪ ಹಣ. ಆಟದಿಂದ ಜೀವನ ಸಾಗಬೇಕಾದರೆ ಇದ್ದ ದಾರಿ ನೌಕರಿ. ರೈಲ್ವೆ, ಪೊಲೀಸ್ ಇಲಾಖೆ, ಸೇನೆ, ಬ್ಯಾಂಕುಗಳು ತಮ್ಮ ತಂಡಗಳಿಗಾಗಿ ಆಟಗಾರರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದವು. ಕರ್ನಾಟಕದಲ್ಲಿ ವಿಜಯಾ ಬ್ಯಾಂಕಿನ ಕಬಡ್ಡಿ ತಂಡಕ್ಕೆ ದೊಡ್ಡ ಹೆಸರಿತ್ತು. 2019ರ ಏಪ್ರಿಲ್ 1ರಂದು ಆ ಬ್ಯಾಂಕೇ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಕಾರ್ಕಳ ತಾಲೂಕಿನ ಹಳ್ಳಿಯೊಂದರಲ್ಲಿ ಹುಟ್ಟಿದ ಮಮತಾ ಪೂಜಾರಿಯವರಿಗೆ ಅನ್ನದ ದಾರಿ ತೋರಿದ್ದು ನಮ್ಮದೇ ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆ. 2012ರಲ್ಲಿ ಪಾಟ್ನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ಪನ್ನು ಭಾರತ ಗೆದ್ದಾಗ ಅವರೇ ನಾಯಕಿ. 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಹಳೆಯ ಅರ್ಥವ್ಯವಸ್ಥೆಯಲ್ಲಿ ಕೋಟಿ ಇರಲಿಲ್ಲ. ಅರವತ್ತು ವರ್ಷದವರೆಗೆ ತಿಂಗಳ ಸಂಬಳವಿತ್ತು. ಮೊಣಕಾಲು ಮುರಿದರೂ ಸಂಬಳ ನಿಲ್ಲುತ್ತಿರಲಿಲ್ಲ.

2014ರ ಜುಲೈ 26ರಂದು ಪ್ರೊ ಕಬಡ್ಡಿ ಲೀಗ್ ಆರಂಭವಾಯಿತು. ಮೊದಲ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಪಡೆದ ರಾಕೇಶ್ ಕುಮಾರ್‌ಗೆ ದೊರೆತದ್ದು 12 ಲಕ್ಷ 80 ಸಾವಿರ. 2018ರಲ್ಲಿ ಆಟಗಾರರ ಬೆಲೆ ಮೊದಲ ಬಾರಿಗೆ ಕೋಟಿ ಮುಟ್ಟಿತು. ಆ ವರ್ಷ ಮೋನು ಗೋಯತ್‌ಗೆ 1 ಕೋಟಿ 51 ಲಕ್ಷ. ಐದು ವರ್ಷಗಳ ನಂತರ ಪವನ್‌ಗೆ ಬಂದ ಬೆಲೆ ರಾಕೇಶ್ ಪಡೆದುದರ ಇಪ್ಪತ್ತು ಪಟ್ಟು. ಎಂಟು ತಂಡಗಳಿಂದ ಹೊರಟ ಲೀಗು 2017ಕ್ಕೆ ಹನ್ನೆರಡು ತಂಡಗಳಾಯಿತು. 2021ರಿಂದ ಐದು ವರ್ಷಗಳ ಪ್ರಸಾರದ ಹಕ್ಕು ಸುಮಾರು 908 ಕೋಟಿ ರೂಪಾಯಿಗೆ ಹೋಯಿತು. ಹಕ್ಕನ್ನು ಕೊಂಡದ್ದು ಸ್ಟಾರ್ ಸಂಸ್ಥೆ. ಲೀಗ್ ನಡೆಸುವ ಮಶಾಲ್ ಸ್ಪೋರ್ಟ್ಸ್‌ನಲ್ಲಿ ಶೇಕಡಾ 74ರಷ್ಟು ಪಾಲನ್ನು 2015ರಲ್ಲೇ ಕೊಂಡಿದ್ದುದೂ ಸ್ಟಾರ್ ಸಂಸ್ಥೆಯೇ. ಮಾರುವವನೂ ಕೊಳ್ಳುವವನೂ ಒಬ್ಬನೇ ಆದ ಸಂತೆಯಲ್ಲಿ ನಿಜವಾದ ಬೆಲೆ ಯಾವುದೆಂದು ಯಾರು ಹೇಳಬೇಕು! ಇದು ನನಗೆ ಮೊದಲಿನಿಂದಲೂ ಹಿಡಿಸದ ಸಂಗತಿ.

ಹರಾಜಿನ ಬೆಲೆ ಏರುವಂತೆಯೇ ಇಳಿಯುತ್ತದೆ. 2022ರಲ್ಲಿ ತಮಿಳ್ ತಲೈವಾಸ್ ತಂಡ 2 ಕೋಟಿ 26 ಲಕ್ಷ ಕೊಟ್ಟು ಕೊಂಡ ಪವನ್, ಋತುವಿನ ತನ್ನ ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಉಳಿದ ಪಂದ್ಯಗಳನ್ನು ಆಡಲಾಗದೆ ಹೋದ. ಮರುವರ್ಷ ದಾಖಲೆಯ ಬೆಲೆ. 2025ರಲ್ಲಿ 60 ಲಕ್ಷಕ್ಕೂ ಕಡಿಮೆ. ಲೀಗಿನ ಇತಿಹಾಸದಲ್ಲೇ ಅತಿ ಹೆಚ್ಚು ದಾಳಿ ಅಂಕ ಗಳಿಸಿದ ಪ್ರದೀಪ್ ನರ್ವಾಲ್‌ನನ್ನು 2021ರಲ್ಲಿ 1 ಕೋಟಿ 65 ಲಕ್ಷಕ್ಕೆ ಕೊಂಡಿದ್ದರು. 2025ರ ಹರಾಜಿನಲ್ಲಿ ಆತನ ಹೆಸರು ಕೂಗಿದಾಗ ಹನ್ನೆರಡು ತಂಡಗಳಲ್ಲಿ ಒಂದೂ ಕೈ ಎತ್ತಲಿಲ್ಲ. ಆತ ನಿವೃತ್ತಿ ಘೋಷಿಸಿದ. 1800ಕ್ಕೂ ಮಿಕ್ಕಿ ಅಂಕ ಗಳಿಸಿದವನ ಪಾಡು ಇದಾದರೆ, ಕೆಳಗಿನ ದರ್ಜೆಯಲ್ಲಿ 9 ಲಕ್ಷದ ಮೂಲಬೆಲೆಗೆ ಸೇರಿ ಎರಡು ವರ್ಷ ಬೆಂಚಿನ ಮೇಲೆ ಕುಳಿತು ಮರಳುವ ಹುಡುಗನ ಹೆಸರು ಯಾರಿಗೆ ನೆನಪಿರುತ್ತದೆ? ಹನ್ನೆರಡು ತಂಡಗಳಿಗೂ ಕೂಡಿಸಿ ಆಟಗಾರರು ಕೆಲವೇ ನೂರು. ದೇಶದ ಶಾಲೆಗಳಲ್ಲಿ ಕಬಡ್ಡಿ ಆಡುವ ಮಕ್ಕಳು ಎಷ್ಟು ಲಕ್ಷ ಎಂಬುದನ್ನು ಓದುಗರೇ ಊಹಿಸಲಿ.

ಇಲ್ಲಿ ಸ್ವಲ್ಪ ದೂರದ ಒಂದು ಉದಾಹರಣೆ ಹೇಳುವುದು ಅಗತ್ಯ. ಅಮೆರಿಕದಲ್ಲಿ ಫುಟ್ಬಾಲ್ ಎಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಅಲ್ಲಿ ಆಟಗಾರರು ಬೆಳೆಯುವುದು ವಿಶ್ವವಿದ್ಯಾಲಯಗಳಲ್ಲಿ. ಮಿಶಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಆಸನಗಳಿವೆ. ಗದ್ವಾಲ ಪಟ್ಟಣದ ಜನರೆಲ್ಲ ಹೋಗಿ ಕುಳಿತರೂ ಅದು ತುಂಬದು. ಟಿಕೆಟ್ಟಿನಿಂದಲೂ ಪ್ರಸಾರದಿಂದಲೂ ಕೋಟ್ಯಂತರ ಡಾಲರ್ ಬರುತ್ತಿದ್ದಾಗಲೂ ಆಡುವ ವಿದ್ಯಾರ್ಥಿಗೆ ಫೀಸು, ಊಟ, ವಸತಿ ಬಿಟ್ಟು ಬೇರೆ ಹಣ ಕೊಡುವಂತಿರಲಿಲ್ಲ. ‘ಅವನು ವಿದ್ಯಾರ್ಥಿ, ಕೂಲಿಯಲ್ಲ’ ಎಂಬುದು ವಾದ. ತರಬೇತುದಾರನಿಗೆ ಮಾತ್ರ ಲಕ್ಷಾಂತರ ಡಾಲರ್ ಸಂಬಳ! 2021ರ ಜುಲೈಯಿಂದ ತಮ್ಮ ಹೆಸರು, ಚಿತ್ರಗಳನ್ನು ಜಾಹೀರಾತಿಗೆ ಬಳಸಿ ಗಳಿಸಲು ವಿದ್ಯಾರ್ಥಿಗಳಿಗೆ ಅನುಮತಿ ಸಿಕ್ಕಿತು. 2025ರ ಜೂನಿನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ಒಂದೊಂದು ವಿಶ್ವವಿದ್ಯಾಲಯವೂ ವರ್ಷಕ್ಕೆ 2 ಕೋಟಿ 5 ಲಕ್ಷ ಡಾಲರ್ ವರೆಗೆ, ಅಂದರೆ ಸುಮಾರು 175 ಕೋಟಿ ರೂಪಾಯಿ, ತನ್ನ ಆಟಗಾರರಿಗೆ ನೇರವಾಗಿ ಹಂಚಬಹುದು.

ನ್ಯಾಯವೇ ಆಯಿತು. ಆದರೆ ಅಲ್ಲಿನ ಹಳೆಯ ಅಭಿಮಾನಿಗಳ ಕೊರಗು ಬೇರೆ: ಹುಡುಗರು ಹೆಚ್ಚು ಕೊಡುವ ಕಡೆಗೆ ವರ್ಷಕ್ಕೊಂದು ವಿಶ್ವವಿದ್ಯಾಲಯ ಬದಲಿಸುತ್ತಾರೆ, ನಮ್ಮ ಹುಡುಗ ಎನ್ನುವಷ್ಟರಲ್ಲಿ ಎದುರು ಪಕ್ಷದಲ್ಲಿರುತ್ತಾನೆ. ಪವನ್‌ನನ್ನು ಹಿಂಬಾಲಿಸಿ ದಣಿದ ನಮಗೆ ಈ ಕೊರಗು ಹೊಸದಲ್ಲ. ನನ್ನ ಗಮನಕ್ಕೆ ಬಂದದ್ದು ಇನ್ನೊಂದು ಸಂಗತಿ. ಆ ದೊಡ್ಡ ರಾಜಿಯಲ್ಲಿಯೂ ಹುಡುಗನಿಗೆ ಆಟ ಕಲಿಸಿದ ಊರ ಪ್ರೌಢಶಾಲೆಗೆ ಒಂದು ಡಾಲರಿನ ಪಾಲೂ ಇಲ್ಲ. ಹಣದ ಹೊಳೆ ಎಲ್ಲಿ ಹರಿದರೂ ಮೂಲದ ಚಿಲುಮೆಯನ್ನು ಮರೆಯುತ್ತದೆ.

ಮರೆಯದ ಒಂದು ಪದ್ಧತಿ ಉಂಟು. ನಾವು ಕಾಲಿನಿಂದ ಆಡುವ ಫುಟ್ಬಾಲಿನಲ್ಲಿ, ಆಟಗಾರನೊಬ್ಬ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹಣಕ್ಕೆ ಹೋದರೆ, ಆ ಹಣದ ಶೇಕಡಾ 5ರಷ್ಟನ್ನು ಅವನ 12ನೆಯ ವಯಸ್ಸಿನಿಂದ 23ನೆಯ ವಯಸ್ಸಿನವರೆಗೆ ತರಬೇತಿ ಕೊಟ್ಟ ಕ್ಲಬ್ಬುಗಳಿಗೆ ಹಂಚಬೇಕೆಂಬುದು ಫಿಫಾ ನಿಯಮ. 12ರಿಂದ 15ರವರೆಗಿನ ನಾಲ್ಕು ವರ್ಷಗಳಿಗೆ ಅದರಲ್ಲಿ ಐದನೆಯ ಒಂದು ಪಾಲು. ಇದನ್ನೇ ಕಬಡ್ಡಿಗೆ ಅನ್ವಯಿಸಿ ನೋಡೋಣ. ಹರಾಜಿನ ಬೆಲೆ ಆಟಗಾರನ ಸಂಬಳವೇ ಆದ್ದರಿಂದ ಅದನ್ನು ಮುರಿಯುವುದು ತಪ್ಪು. ಕೊಳ್ಳುವ ತಂಡ ಅದರ ಮೇಲೆ ಶೇಕಡಾ 5 ಕೂಡಿಸಿ ಕೊಡಲಿ. 2 ಕೋಟಿ 60 ಲಕ್ಷ 50 ಸಾವಿರದ ಮೇಲೆ ಅದು 13 ಲಕ್ಷ ಚಿಲ್ಲರೆ. ಬಾಲ್ಯದ ನಾಲ್ಕು ವರ್ಷಗಳ ಶಾಲೆಗೆ 2 ಲಕ್ಷ 60 ಸಾವಿರ. ಒಂದು ತಂಡ ಹರಾಜಿನಲ್ಲಿ ಆಟಗಾರರಿಗೆ ವ್ಯಯಿಸಬಹುದಾದ ಮಿತಿ 5 ಕೋಟಿ. ಹನ್ನೆರಡು ತಂಡಗಳೂ ಪೂರ್ತಿ ವ್ಯಯಿಸಿದರೆ 60 ಕೋಟಿ, ಅದರ ಶೇಕಡಾ 5 ಎಂದರೆ ವರ್ಷಕ್ಕೆ 3 ಕೋಟಿ. ಪ್ರಸಾರದ ಹಕ್ಕಿನ ಹಣದ ಮುಂದೆ ಇದು ಕೈಬೀಸಿ ಕೊಡಬಹುದಾದ ಮೊತ್ತ. ಸರ್ಕಾರಿ ಪ್ರೌಢಶಾಲೆಯ ಆಟದ ಲೆಕ್ಕದಲ್ಲಿ ಅದು ಕನಸು.

ಏಕೆ ಕನಸು ಎಂಬುದನ್ನು ಅಂಗಳಕ್ಕೆ ಇಳಿದೇ ನೋಡಬೇಕು. ದೂರದರ್ಶನದಲ್ಲಿ ಕಾಣುವ ಕಬಡ್ಡಿ ಮ್ಯಾಟಿನ ಮೇಲಿನ ಆಟ. 13 ಮೀಟರ್ ಉದ್ದ, 10 ಮೀಟರ್ ಅಗಲ, ಕಾಲಿಗೆ ಶೂ. ನಮ್ಮ ಮಕ್ಕಳದು ಮಣ್ಣಿನ ಆಟ, ಬರಿಗಾಲು. ಮಣ್ಣಿನಲ್ಲಿ ಕಾಲು ಜಾರಿದರೂ ಹಿಡಿತ ಬೇರೆ. ಮ್ಯಾಟಿನ ಮೇಲೆ ಪಾದ ಅಂಟಿ ನಿಲ್ಲುತ್ತದೆ, ದೇಹ ತಿರುಗುತ್ತದೆ, ಮೊಣಕಾಲು ಕೇಳುವುದಿಲ್ಲ. ಮಣ್ಣಿನಲ್ಲಿ ಕಲಿತವನು ಮೊದಲ ಬಾರಿಗೆ ಮ್ಯಾಟನ್ನು ಕಾಣುವುದು ಆಯ್ಕೆಯ ದಿನವೇ ಆದರೆ, ಅಭ್ಯಾಸವಿಲ್ಲದ ನೆಲದ ಮೇಲೆ ಅವನ ಪರೀಕ್ಷೆ ನಡೆದಂತೆ. ಇನ್ನು ವ್ಯಾಯಾಮ ಶಿಕ್ಷಕರು. ಅವರಿಲ್ಲದ ಶಾಲೆಯಲ್ಲಿ ಗಣಿತದ ಮೇಷ್ಟ್ರೇ ಸೀಟಿ ಊದುತ್ತಾರೆ. ಅವರ ಔದಾರ್ಯಕ್ಕೆ ನಮಸ್ಕಾರ. ಆದರೆ ಪಾದ ಹಿಡಿಯುವ ವರಸೆಯನ್ನೂ ಬೋನಸ್ ಗೆರೆಯ ಲೆಕ್ಕವನ್ನೂ ಹೇಳಿಕೊಡಲು ಗಣಿತ ಸಾಲದು.

ಹಾಗಾದರೆ ಮಗುವನ್ನು ಆಡಲು ಬಿಡಬೇಕೇ? ಬಿಡಬೇಕು, ಹರಾಜನ್ನು ನಂಬಿ ಅಲ್ಲ. ಹಳೆಯ ನೌಕರಿಯ ದಾರಿ ಕಿರಿದಾಗಿದೆ, ಮುಚ್ಚಿಲ್ಲ. ಕೇಂದ್ರ ಸರ್ಕಾರದ ನೌಕರಿಗಳ ಕ್ರೀಡಾ ಕೋಟಾದಲ್ಲಿ ಕಬಡ್ಡಿಗೆ ಮಾನ್ಯತೆ ಇದೆ. ಆದರೆ ಎಣಿಕೆಗೆ ಬರುವುದು ರಾಜ್ಯದ ಪರವಾಗಿ ರಾಷ್ಟ್ರಮಟ್ಟದಲ್ಲಿ, ವಿಶ್ವವಿದ್ಯಾಲಯದ ಪರವಾಗಿ ಅಂತರ ವಿಶ್ವವಿದ್ಯಾಲಯ ಪಂದ್ಯಗಳಲ್ಲಿ, ಅಥವಾ ರಾಜ್ಯದ ಶಾಲಾ ತಂಡದ ಪರವಾಗಿ ರಾಷ್ಟ್ರೀಯ ಶಾಲಾ ಕ್ರೀಡಾಕೂಟದಲ್ಲಿ ಆಡಿದ ಪ್ರಮಾಣಪತ್ರ. ಮಂಡಲ ಮಟ್ಟದ, ಜಿಲ್ಲಾ ಮಟ್ಟದ ಪ್ರಶಸ್ತಿಪತ್ರಗಳು ಗೋಡೆಗೆ ಅಂದ, ಅರ್ಜಿಗೆ ಅಲ್ಲ. ಶಾಲಾ ಪಂದ್ಯಗಳು 14, 17, 19 ವರ್ಷದೊಳಗಿನವರೆಂದು ವಿಂಗಡವಾಗಿರುವುದರಿಂದ ಹುಟ್ಟಿದ ದಿನಾಂಕದ ದಾಖಲೆ ಶಾಲೆಯ ರಿಜಿಸ್ಟರಿನಲ್ಲೂ ಆಧಾರ್‌ನಲ್ಲೂ ಒಂದೇ ಇರುವಂತೆ ಇಂದೇ ನೋಡಿಕೊಳ್ಳಿರಿ. ಒಂದು ತಾರೀಖಿನ ವ್ಯತ್ಯಾಸ ಒಂದು ವರ್ಷದ ಆಟವನ್ನೇ ನುಂಗಬಹುದು.

ಗಡಿನಾಡಿನವರಿಗೆ ಇನ್ನೊಂದು ತೊಡಕು. ಇಲ್ಲಿ ಓದುವ ಮಗು ತೆಲಂಗಾಣದ ಶಾಲಾ ತಂಡಕ್ಕೆ ಸೇರಬೇಕು. ಹತ್ತನೆಯ ತರಗತಿ ಮುಗಿದ ಮೇಲೆ ಕನ್ನಡದಲ್ಲೇ ಓದು ಮುಂದುವರಿಸಲು ಕೃಷ್ಣಾ ನದಿಯಾಚೆಯ ರಾಯಚೂರಿಗೆ ಹೋದರೆ, ಕರ್ನಾಟಕದ ಆಯ್ಕೆಯ ಸಾಲಿನಲ್ಲಿ ಮತ್ತೆ ಕೊನೆಯಿಂದ ನಿಲ್ಲಬೇಕು. ಇಲ್ಲಿ ಅವನ ಆಟ ಬಲ್ಲ ಶಿಕ್ಷಕರು ಅಲ್ಲಿಲ್ಲ. ಇಲ್ಲೇ ಉಳಿದವನು ಪಾಲಮೂರು ವಿಶ್ವವಿದ್ಯಾಲಯಕ್ಕೆ, ಹೋದವನು ರಾಯಚೂರಿನ ವಿಶ್ವವಿದ್ಯಾಲಯಕ್ಕೆ ಆಡುತ್ತಾನೆ. ಎರಡೂ ದಕ್ಷಿಣ ವಲಯದವೇ ಆದ್ದರಿಂದ ಒಂದೇ ಬೆಂಚಿನ ಗೆಳೆಯರು ಎದುರುಬದುರಾಗಲೂಬಹುದು. ಆಟದಲ್ಲಿ ಮುಂದಿರುವ ಮಗುವಿನ ಮನೆಯವರು ಕಾಲೇಜನ್ನು ಆರಿಸುವಾಗ ಮಾಧ್ಯಮ, ಬಸ್ಸು, ಫೀಸುಗಳ ಜೊತೆಗೆ ಇದನ್ನೂ ತೂಗಿ ನೋಡಬೇಕು. ಮೂಡುಬಿದಿರೆಯ ಆಳ್ವಾಸ್‌ನಂತೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಉಚಿತವಾಗಿ ಓದಿಸುವ ಸಂಸ್ಥೆಗಳು ಕರ್ನಾಟಕದಲ್ಲಿವೆ ಎಂಬುದು ನಮ್ಮ ಭಾಗದಲ್ಲಿ ಹಲವರಿಗೆ ತಿಳಿದಿಲ್ಲ.

ಹೆಣ್ಣುಮಕ್ಕಳ ಮಾತು ಬಂದಾಗ ಲೆಕ್ಕವೆಲ್ಲ ತಲೆಕೆಳಗು. 2016ರಲ್ಲಿ ಪುರುಷರ ಲೀಗಿನ ಜೊತೆಗೆ ಮೂರು ತಂಡಗಳ ಮಹಿಳಾ ಪಂದ್ಯಾವಳಿಯೊಂದು ನಡೆಯಿತು. ಅದರಲ್ಲಿ ಎರಡು ತಂಡಗಳ ನಾಯಕಿಯರು ಕರ್ನಾಟಕದವರು, ಮಮತಾ ಪೂಜಾರಿ ಮತ್ತು ತೇಜಸ್ವಿನಿ ಬಾಯಿ. ಅದು ಮುಂದೆ ಬೆಳೆಯಲಿಲ್ಲ. 2025ರ ನವೆಂಬರಿನಲ್ಲಿ ಢಾಕಾದಲ್ಲಿ ಭಾರತದ ಮಹಿಳೆಯರು ಮತ್ತೆ ವಿಶ್ವಕಪ್ ಗೆದ್ದರು. ಗೆಲ್ಲುವವರಿಗೆ ಮಾರುಕಟ್ಟೆ ಇಲ್ಲವೆನ್ನುವವರು ಮಾರುಕಟ್ಟೆಯನ್ನು ಕಟ್ಟಲು ಎಷ್ಟು ಋತು ಪ್ರಯತ್ನಿಸಿದರು? ಇಂದಿಗೂ ಹುಡುಗಿಯರ ಪಾಲಿಗೆ ಕಬಡ್ಡಿಯೆಂದರೆ ರೈಲ್ವೆಯ ನೌಕರಿ, ಪೊಲೀಸ್ ನೌಕರಿ. ವಿಚಿತ್ರವೆಂದರೆ ಇದರಿಂದ ಅವರ ದಾರಿ ಹುಡುಗರದಕ್ಕಿಂತ ನೇರವಾಗಿದೆ. ಕಣ್ಣು ಕುಕ್ಕುವ ಹರಾಜು ಅಡ್ಡ ಬರುವುದಿಲ್ಲ.

ನಮ್ಮ ಪುಣ್ಯಕ್ಕೋ ಏನೋ, 2025ರ ಜೂನಿನಲ್ಲಿ ತೆಲಂಗಾಣದ ಕ್ರೀಡಾ ಖಾತೆ ಮಕ್ತಲ ಕ್ಷೇತ್ರದ ಶಾಸಕ ವಾಕಿಟಿ ಶ್ರೀಹರಿ ಅವರ ಕೈಗೆ ಬಂದಿದೆ. ದೊಡ್ಡ ಕ್ರೀಡಾಂಗಣವನ್ನು ನಾವು ಕೇಳುತ್ತಿಲ್ಲ. ನಾರಾಯಣಪೇಟೆಯಲ್ಲಿ ಒಂದು, ಮಕ್ತಲದಲ್ಲಿ ಒಂದು, ಗದ್ವಾಲದಲ್ಲಿ ಒಂದು ಮ್ಯಾಟ್ ಹಾಸಿದ ಅಂಕಣ, ಸುತ್ತಲಿನ ಶಾಲೆಗಳ ಮಕ್ಕಳು ಮಾಧ್ಯಮದ ಭೇದವಿಲ್ಲದೆ ವಾರಕ್ಕೆರಡು ದಿನ ಅಲ್ಲಿಗೆ ಬರಲು ಬಸ್ಸಿನ ಪಾಸು, ಆಯ್ಕೆಯ ಸುತ್ತೋಲೆ ಕನ್ನಡ ಶಾಲೆಗಳಿಗೂ ಆಯ್ಕೆಯ ದಿನಕ್ಕಿಂತ ಮೊದಲೇ ಮುಟ್ಟುವ ವ್ಯವಸ್ಥೆ. ಮೂರನೆಯದಕ್ಕೆ ಹಣವೇ ಬೇಡ. ಶಾಲಾ ನಿರ್ವಹಣಾ ಸಮಿತಿಗಳಲ್ಲಿರುವ ತಂದೆತಾಯಿಗಳು ಈ ಬೇಡಿಕೆಗಳನ್ನು ಬರೆದು, ಸಹಿ ಮಾಡಿ, ಮುಂದಿನ ಶಾಲಾ ಪಂದ್ಯಗಳ ಆಯ್ಕೆಗೆ ಮೊದಲೇ ಮಕ್ತಲದಲ್ಲಿ ಸಚಿವರ ಕೈಗೆ ಕೊಡಬಹುದು.