ಸೇರಿಸಬೇಕೇ, ಬಿಡಬೇಕೇ? ವರದಿ ತಂತ್ರಾಂಶದ ಸಣ್ಣ ಪ್ರಶ್ನೆ, ದೊಡ್ಡ ವ್ಯತ್ಯಾಸ

ಕಾಸರಗೋಡು: ಸಹಕಾರಿ ಬ್ಯಾಂಕು, ಹಾಲಿನ ಸೊಸೈಟಿ, ಅಡಿಕೆ ವ್ಯಾಪಾರದ ಕಚೇರಿ, ಎಲ್ಲಿಗೆ ಹೋದರೂ ಲೆಕ್ಕಪತ್ರ ಈಗ ಕಂಪ್ಯೂಟರಿನಲ್ಲಿದೆ. ಸಾವಿರಾರು ಸಾಲುಗಳ ಮಾಹಿತಿಯಿಂದ ಬೇಕಾದಷ್ಟನ್ನೇ ಸೋಸಿ ಕೊಡಲು ಕ್ರಿಸ್ಟಲ್ ರಿಪೋರ್ಟ್ಸ್, ಬಿಸಿನೆಸ್ ಆಬ್ಜೆಕ್ಟ್ಸ್, ಕಾಗ್ನೋಸ್ ಮುಂತಾದ ವರದಿ ತಂತ್ರಾಂಶಗಳಿವೆ. ವರದಿ ತೆರೆಯುವಾಗ ತಂತ್ರಾಂಶವು "ಯಾವ ಶಾಖೆ? ಯಾವ ತಾಲೂಕು?" ಎಂದು ಕೇಳುತ್ತದೆ. ಈ ಪ್ರಶ್ನೆಗೆ ಪ್ರಾಂಪ್ಟ್ ಎಂದು ಹೆಸರು. ಪ್ರಶ್ನೆ ಚಿಕ್ಕದು. ಆದರೆ ಅದನ್ನು ರೂಪಿಸುವುದರಲ್ಲಿ ಎಡವಿದರೆ ಪಟ್ಟಿಯಿಂದ ಜನರೇ ಮಾಯವಾಗುತ್ತಾರೆ. ತಂತ್ರಾಂಶ ಮಾತ್ರ ತಪ್ಪಾಗಿದೆ ಎಂದು ಹೇಳುವುದಿಲ್ಲ.

ಎರಡು ಬಗೆಯ ಹೇಳಿಕೆ

ಮದುವೆಗೆ ಹೇಳಿಕೆ ಕಳುಹಿಸುವುದು ಎರಡು ಬಗೆ. "ಈ 20 ಮನೆಗಳಿಗೆ ಹೇಳಿ ಬಾ" ಎನ್ನುವುದು ಒಂದು. "ಆ ಎರಡು ಮನೆ ಬಿಟ್ಟು ಊರಿಗೆಲ್ಲ ಹೇಳಿ ಬಾ" ಎನ್ನುವುದು ಇನ್ನೊಂದು. ಊರಲ್ಲಿ ಇರುವುದೇ 22 ಮನೆಯಾದರೆ ಎರಡರ ಫಲವೂ ಒಂದೇ. ನಾಳೆ ಹೊಸ ಸಂಸಾರವೊಂದು ಬಂದು ನೆಲೆಸಿದರೆ ಮೊದಲನೆಯ ಬಗೆಯಲ್ಲಿ ಅವರಿಗೆ ಹೇಳಿಕೆ ಇಲ್ಲ, ಎರಡನೆಯದರಲ್ಲಿ ಇದೆ. ತಂತ್ರಾಂಶದ "ಸೇರಿಸಿ" ಮತ್ತು "ಬಿಡಿ" ಫಿಲ್ಟರುಗಳ ವ್ಯತ್ಯಾಸವೂ ಇಷ್ಟೇ.

ನಮ್ಮ ಜಿಲ್ಲೆಯನ್ನೇ ತೆಗೆದುಕೊಳ್ಳಿ. 1984ರಲ್ಲಿ ಜಿಲ್ಲೆ ಆದಾಗ ಇದ್ದದ್ದು ಕಾಸರಗೋಡು ಮತ್ತು ಹೊಸದುರ್ಗ ಎಂಬ ಎರಡೇ ತಾಲೂಕು. 2014ರಲ್ಲಿ ಕಾಸರಗೋಡಿನಿಂದ ಮಂಜೇಶ್ವರ, ಹೊಸದುರ್ಗದಿಂದ ವೆಳ್ಳರಿಕುಂಡ್ ಬೇರೆಯಾದವು. ಅದಕ್ಕೂ ಮೊದಲು ಒಂದು ಸಂಘವು ಕನ್ನಡ ನೋಟೀಸು ಕಳುಹಿಸಲು ವರದಿಯೊಂದನ್ನು ಮಾಡಿಸಿತ್ತು ಎಂದುಕೊಳ್ಳೋಣ. "ಕಾಸರಗೋಡು ತಾಲೂಕನ್ನು ಸೇರಿಸಿ" ಎಂದು ಬರೆದಿದ್ದರೆ, ದಾಖಲೆಯಲ್ಲಿ ತಾಲೂಕಿನ ಹೆಸರು ಬದಲಾದ ದಿನವೇ ಮಂಜೇಶ್ವರದ ಸದಸ್ಯರೆಲ್ಲ ಪಟ್ಟಿಯಿಂದ ಹೊರಗೆ. "ಹೊಸದುರ್ಗವನ್ನು ಬಿಡಿ" ಎಂದು ಬರೆದಿದ್ದರೆ ಮಂಜೇಶ್ವರ ಉಳಿಯುತ್ತಿತ್ತು, ಆದರೆ ಕರೆಯದೆಯೇ ವೆಳ್ಳರಿಕುಂಡ್ ಕೂಡ ಒಳಗೆ ಬರುತ್ತಿತ್ತು. ಹೀಗೆ ಎರಡಕ್ಕೂ ಅದರದ್ದೇ ಅಪಾಯವಿದೆ. ಯಾರೂ ತಪ್ಪಿಹೋಗಬಾರದು ಎಂಬಲ್ಲಿ "ಬಿಡಿ" ವಾಸಿ, ಬೇಡದವರು ಒಳಗೆ ಬರಬಾರದು ಎಂಬಲ್ಲಿ "ಸೇರಿಸಿ" ವಾಸಿ.

ಖಾಲಿ ಜಾಗದ ಸಮಸ್ಯೆ

ಇದಕ್ಕಿಂತ ಸೂಕ್ಷ್ಮವಾದ ತೊಡಕು ಖಾಲಿ ಬಿಟ್ಟ ಅಂಕಣದ್ದು. ಒಂದು ಸಂಘದಲ್ಲಿ 1000 ಸದಸ್ಯರು ಎಂದಿಟ್ಟುಕೊಳ್ಳಿ. ನೋಟೀಸಿನ ಭಾಷೆ ಎಂಬ ಅಂಕಣದಲ್ಲಿ 600 ಮಂದಿಗೆ ಮಲಯಾಳ, 350 ಮಂದಿಗೆ ಕನ್ನಡ ಎಂದಿದೆ. ಉಳಿದ 50 ಮಂದಿಯದ್ದು ತುಂಬಿಸಿಯೇ ಇಲ್ಲ. "ಮಲಯಾಳ ಬಿಡಿ" ಎಂದರೆ 400 ಹೆಸರು ಬರಬೇಕು ಎಂದು ನಾವು ಭಾವಿಸುತ್ತೇವೆ. ಬರುವುದು 350 ಮಾತ್ರ.

ಕಾರಣವಿದೆ. ವರದಿ ತಂತ್ರಾಂಶಗಳು ಮಾಹಿತಿ ಕೇಳಲು ಸಾಮಾನ್ಯವಾಗಿ ಬಳಸುವ ಎಸ್‌ಕ್ಯೂಎಲ್ ಭಾಷೆಯಲ್ಲಿ ಖಾಲಿ ಜಾಗಕ್ಕೆ ನಲ್ ಎನ್ನುತ್ತಾರೆ. ಅಲ್ಲಿ ಹೌದು, ಅಲ್ಲ ಎಂಬ ಎರಡೇ ಉತ್ತರವಲ್ಲ, ಗೊತ್ತಿಲ್ಲ ಎಂಬ ಮೂರನೆಯದೂ ಇದೆ. ಈ 50 ಮಂದಿಯ ಭಾಷೆ ಮಲಯಾಳವೇ ಎಂದು ಕೇಳಿದರೂ, ಮಲಯಾಳ ಅಲ್ಲವೇ ಎಂದು ಕೇಳಿದರೂ ಉತ್ತರ "ಗೊತ್ತಿಲ್ಲ". ಫಿಲ್ಟರ್ ಒಳಗೆ ಬಿಡುವುದು "ಹೌದು" ಎಂದು ಉತ್ತರ ಬಂದ ಸಾಲುಗಳನ್ನು ಮಾತ್ರ. ಹಾಗಾಗಿ ಈ 50 ಮಂದಿ ಮಲಯಾಳ ಪಟ್ಟಿಯಲ್ಲೂ ಇಲ್ಲ, ಉಳಿದವರ ಪಟ್ಟಿಯಲ್ಲೂ ಇಲ್ಲ. ಎರಡು ಭಾಷೆ ಆಡುವ ಗಡಿನಾಡಿನಲ್ಲಿ ಇಂಥ ಅಂಕಣ ಖಾಲಿ ಉಳಿಯುವುದು ಸುಲಭ. ಹಾಗೆ ಉಳಿದವರಿಗೆ ನೋಟೀಸು ಯಾವ ಭಾಷೆಯಲ್ಲೂ ತಲುಪುವುದಿಲ್ಲ.

ಒಂದರ ಬದಲು ಎರಡು ಪ್ರಶ್ನೆ

ಬಿಸಿನೆಸ್ ಆಬ್ಜೆಕ್ಟ್ಸ್‌ನಂಥ ತಂತ್ರಾಂಶದಲ್ಲಿ ಪ್ರಾಂಪ್ಟ್ ಕೇಳುವುದು ಹೆಸರುಗಳ ಪಟ್ಟಿಯನ್ನು ಮಾತ್ರ. ಆ ಪಟ್ಟಿಯನ್ನು ಸೇರಿಸಬೇಕೋ ಬಿಡಬೇಕೋ ಎಂಬುದನ್ನು ವರದಿ ತಯಾರಿಸಿದವರು ಮೊದಲೇ ನಿಗದಿ ಮಾಡಿರುತ್ತಾರೆ. ಬಳಸುವವರಿಗೇ ಆ ಆಯ್ಕೆ ಕೊಡಬೇಕಾದರೆ ಎರಡು ಪ್ರಶ್ನೆ ಇಡಬೇಕು: ಮೊದಲು "ಸೇರಿಸಿ ಅಥವಾ ಬಿಡಿ", ಅನಂತರ "ಯಾವ ತಾಲೂಕುಗಳು". ಒಳಗಿನ ಷರತ್ತು ಹೀಗಿರುತ್ತದೆ: ಆಯ್ಕೆ "ಸೇರಿಸಿ" ಆಗಿದ್ದು ತಾಲೂಕು ಪಟ್ಟಿಯಲ್ಲಿರಬೇಕು, ಅಥವಾ ಆಯ್ಕೆ "ಬಿಡಿ" ಆಗಿದ್ದು ತಾಲೂಕು ಪಟ್ಟಿಯಲ್ಲಿ ಇರಬಾರದು, ಇಲ್ಲವೇ ಖಾಲಿ ಇರಬೇಕು. ಈ ಇಡೀ ಷರತ್ತನ್ನು ಒಂದೇ ಆವರಣದೊಳಗೆ ಹಾಕುವುದನ್ನು ಮರೆಯಬಾರದು. ಎಸ್‌ಕ್ಯೂಎಲ್‌ನಲ್ಲಿ "ಮತ್ತು" ಎಂಬುದು "ಅಥವಾ" ಎಂಬುದಕ್ಕಿಂತ ಮೊದಲು ಲೆಕ್ಕಕ್ಕೆ ಬರುತ್ತದೆ. ಆವರಣ ಬಿಟ್ಟರೆ "ಈ ವರ್ಷದ್ದು ಮಾತ್ರ" ಎಂಬಂಥ ಬೇರೆ ಷರತ್ತು ಅರ್ಧಕ್ಕೆ ಮಾತ್ರ ಅನ್ವಯವಾಗಿ ಹಳೆಯ ವರ್ಷದ ಲೆಕ್ಕವೂ ನುಸುಳುತ್ತದೆ.

ಪ್ರಶ್ನೆ ರೂಪಿಸುವವರು ಗಮನಿಸಬೇಕಾದ ಇನ್ನೂ ಕೆಲವು ಸಂಗತಿಗಳು:

* "ಬಿಡುವುದು ಬೇಡವೇ?" ಎಂಬಂಥ ಪ್ರಶ್ನೆ ಬೇಡ. ಹೌದು ಎಂದರೆ ಏನರ್ಥ ಎಂದು ತಿಳಿಯುವುದಿಲ್ಲ.

* ಏನನ್ನೂ ಆರಿಸದಿದ್ದರೆ ಎಲ್ಲವೂ ಬರುತ್ತದೆಯೋ, ಏನೂ ಬರುವುದಿಲ್ಲವೋ ಎಂಬುದನ್ನು ಪ್ರಶ್ನೆಯ ಪಕ್ಕದಲ್ಲೇ ಬರೆದಿರಬೇಕು.

* "ನಮೂದಾಗಿಲ್ಲ" ಎಂಬುದೂ ಪಟ್ಟಿಯಲ್ಲಿ ಒಂದು ಆಯ್ಕೆಯಾಗಿರಲಿ.

* ಹೆಸರಿನ ಬದಲು ಸಂಕೇತ ಸಂಖ್ಯೆಯಿಂದ ಸೋಸುವುದು ಕ್ಷೇಮ. ಮಂಜೇಶ್ವರ ಮತ್ತು ಮಂಜೇಶ್ವರಂ ನಮಗೆ ಒಂದೇ ಊರು, ಕಂಪ್ಯೂಟರಿಗೆ ಎರಡು.

* ಯಾವುದನ್ನು ಸೇರಿಸಿ, ಯಾವುದನ್ನು ಬಿಟ್ಟು ತೆಗೆದದ್ದು ಎಂಬುದು ವರದಿಯ ತಲೆಬರಹದಲ್ಲೇ ಅಚ್ಚಾಗಬೇಕು.

ಪರೀಕ್ಷಿಸುವುದು ಸುಲಭ. ಅದೇ ಹೆಸರುಗಳನ್ನು ಒಮ್ಮೆ "ಸೇರಿಸಿ" ಎಂದೂ ಒಮ್ಮೆ "ಬಿಡಿ" ಎಂದೂ ಕೊಟ್ಟು ಎರಡು ವರದಿ ತೆಗೆಯಿರಿ. ಎರಡರ ಮೊತ್ತ ಒಟ್ಟು ಸದಸ್ಯರ ಸಂಖ್ಯೆಗೆ ಸರಿಹೊಂದಬೇಕು. ಮೇಲಿನ ಉದಾಹರಣೆಯಲ್ಲಿ 600 ಮತ್ತು 350 ಸೇರಿದರೆ 950. ಉಳಿದ 50 ಎಲ್ಲಿ ಎಂಬ ಪ್ರಶ್ನೆ ಅಲ್ಲಿಯೇ ಏಳುತ್ತದೆ.

ಇದು ಕಂಪ್ಯೂಟರ್ ಮುಂದೆ ಕೂರುವವರಿಗೆ ಮಾತ್ರ ಸೇರಿದ ವಿಷಯವಲ್ಲ. ಕಚೇರಿಯಲ್ಲಿ "ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ" ಎಂದರೆ ಸುಮ್ಮನೆ ಮರಳಬೇಡಿ. ಈ ಪಟ್ಟಿ ಯಾರನ್ನು ಸೇರಿಸಿ ತೆಗೆದದ್ದು, ಯಾರನ್ನು ಬಿಟ್ಟು ತೆಗೆದದ್ದು, ನಿಮ್ಮ ದಾಖಲೆಯಲ್ಲಿ ಯಾವ ಅಂಕಣ ಖಾಲಿ ಇದೆ ಎಂದು ಕೇಳಿ. ಹೆಸರು ದಾಖಲೆಯಲ್ಲಿದ್ದೂ ಫಿಲ್ಟರಿನಲ್ಲಿ ಸೋರಿಹೋಗಿರಬಹುದು.